ಹಳೇ ಕಂಪ್ಯೂಟರಿನಿಂದ ದೊಡ್ಡ ಸಂಖ್ಯೆ ಒಡೆಯುವ ಕೆಲಸಕ್ಕೆ ನಿಜವಾಗಿ ಉಪಯೋಗ ಆಗುತ್ತಾ?

ನೀವು ಕೇಳಿದ್ದು ಇದು: ಮನೆಯಲ್ಲಿ ನಾಲ್ಕು ಕೋರಿನ ಹಳೇ ಡೆಸ್ಕ್‌ಟಾಪ್ ಸುಮ್ನೆ ಬಿದ್ದಿದೆ. ನೂರಾರು ಅಂಕಿಗಳ ಸಂಖ್ಯೆಗಳನ್ನು ಬೇರೆ ಬೇರೆ ದೇಶದ ಸ್ವಯಂಸೇವಕರು ಸೇರಿ ಒಡೆದು ಅಪವರ್ತನ ಹುಡುಕುತ್ತಾರಂತೆ. ಅದಕ್ಕೆ ನನ್ನ ಯಂತ್ರವನ್ನೂ ಸೇರಿಸಿದರೆ ಏನಾದರೂ ಆಗುತ್ತಾ, ಇಲ್ಲ ಕರೆಂಟ್ ದಂಡವಾ?

ಖಂಡಿತ ಆಗುತ್ತೆ. ನಾನು ಹನುಮಂತನಗರದ ಮನೆಯಲ್ಲಿ, ಎಸ್.ಪಿ. ರೋಡಿನಿಂದ ತಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪಿನಲ್ಲಿ ಆರು ವರ್ಷದಿಂದ ಇದನ್ನು ಮಾಡುತ್ತಿದ್ದೇನೆ. ಅದೂ ನಾಲ್ಕು ಕೋರಿನದೇ. ಸಣ್ಣ ಯಂತ್ರವೂ ಯಾಕೆ ಲೆಕ್ಕಕ್ಕೆ ಬರುತ್ತೆ ಅನ್ನೋದನ್ನು ಕೈಯಲ್ಲೇ ಮಾಡಬಹುದಾದ ಒಂದು ಲೆಕ್ಕದಿಂದ ತೋರಿಸುತ್ತೇನೆ. ಪೆನ್ನು, ಕಾಗದ ತಗೊಳ್ಳಿ.

1633 ಅನ್ನು ಒಡೆಯಬೇಕು ಅಂದುಕೊಳ್ಳಿ. ಮೂವರು ಸೇರಿ ಮಾಡುತ್ತಾರೆ. ಒಬ್ಬರು ಜಯನಗರದಲ್ಲಿ, ಒಬ್ಬರು ಯಲಹಂಕದಲ್ಲಿ, ಇನ್ನೊಬ್ಬರು ಕೆಂಗೇರಿಯಲ್ಲಿ. ಜಯನಗರದವರು 41 ತಗೊಂಡರು. 41ರ ವರ್ಗ 1681, ಅದರಲ್ಲಿ 1633 ಕಳೆದರೆ 48. ಯಲಹಂಕದವರು 43 ತಗೊಂಡರು. 1849ರಲ್ಲಿ 1633 ಹೋದರೆ 216. ಕೆಂಗೇರಿಯವರದು 45. 2025ರಲ್ಲಿ 1633 ಹೋದರೆ 392. ಈ 48, 216, 392 ಮೂರೂ 2, 3, 7 ಎಂಬ ಸಣ್ಣ ಅವಿಭಾಜ್ಯಗಳನ್ನು ಗುಣಿಸಿಯೇ ಆದವು. ಆದರೆ ಒಂದೂ ಪೂರ್ಣ ವರ್ಗ ಅಲ್ಲ. ಯಾವ ಎರಡನ್ನು ಗುಣಿಸಿದರೂ ಪೂರ್ಣ ವರ್ಗ ಬರಲ್ಲ. ಮೂರನ್ನೂ ಗುಣಿಸಿ ನೋಡಿ: 40,64,256. ಅದು 2016ರ ವರ್ಗ!

ಇಲ್ಲಿಂದ ಮುಂದೆ ಸುಲಭ. 41, 43, 45 ಗುಣಿಸಿದರೆ 79,335. ಅದನ್ನು 1633ರಿಂದ ಭಾಗಿಸಿದರೆ ಶೇಷ 951. 2016ನ್ನು ಭಾಗಿಸಿದರೆ ಶೇಷ 383. ಎರಡರ ವ್ಯತ್ಯಾಸ 568. ಈ 568ಕ್ಕೂ 1633ಕ್ಕೂ ಮ.ಸಾ.ಅ. ತೆಗೆದರೆ 71 ಸಿಗುತ್ತೆ. 1633 ಅಂದರೆ 23 × 71. (ಇಷ್ಟು ಸಣ್ಣ ಸಂಖ್ಯೆಯಲ್ಲಿ 47ರವರೆಗೆ ಹೋದರೆ ನೇರವಾಗಿ 24ರ ವರ್ಗವೇ ಕೈಗೆ ಬರುತ್ತೆ. ನೂರು ಅಂಕಿಯ ಸಂಖ್ಯೆಯಲ್ಲಿ ಅಂಥ ಅದೃಷ್ಟಕ್ಕೆ ಕಾಯೋಕಾಗಲ್ಲ.)

ಈ ಲೆಕ್ಕದಲ್ಲಿ ನನಗೆ ತುಂಬಾ ಇಷ್ಟವಾಗೋದು ಒಂದು ವಿಷಯ. ಮೂವರಲ್ಲಿ ಯಾರ ಹತ್ತಿರವೂ ಉತ್ತರದ ಒಂದು ಚೂರೂ ಇರಲಿಲ್ಲ. ಅವರು ಒಬ್ಬರಿಗೊಬ್ಬರು ಮಾತಾಡಬೇಕಾಗಿರಲಿಲ್ಲ. ಯಾರು ಮೊದಲು, ಯಾರು ಆಮೇಲೆ ಅನ್ನೋದೂ ಮುಖ್ಯ ಅಲ್ಲ. ಕೆಂಗೇರಿಯವರ 392 ಬರದಿದ್ದರೆ ಮಾತ್ರ ಉಳಿದೆರಡೂ ಸುಮ್ನೆ ಕೂತಿರುತ್ತಿದ್ದವು. ಇನ್ನೊಂದು, ಕೆಂಗೇರಿಯವರು ಯಾರು, ಎಂಥವರು ಅಂತ ನನಗೆ ಗೊತ್ತಿರಬೇಕಾಗಿಲ್ಲ. ಅವರು ಕಳಿಸಿದ ಸಾಲನ್ನು ಒಂದು ಸಲ ಗುಣಿಸಿ, ಕಳೆದು ನೋಡಿದರೆ ಸರಿಯೋ ತಪ್ಪೋ ತಕ್ಷಣ ತಿಳಿಯುತ್ತೆ. ಹುಡುಕೋದು ಕಷ್ಟ, ಪರೀಕ್ಷಿಸೋದು ಸುಲಭ. ಗುರುತಿಲ್ಲದ ಸಾವಿರಾರು ಜನ ಒಟ್ಟಿಗೆ ಕೆಲಸ ಮಾಡೋಕೆ ಆಗಿರುವುದು ಇದರಿಂದಲೇ.

ಕಾರ್ಲ್ ಪೊಮೆರನ್ಸ್ 1981ರಲ್ಲಿ ಕೊಟ್ಟ ಕ್ವಾಡ್ರಾಟಿಕ್ ಸೀವ್ ಎಂಬ ವಿಧಾನದ ತಿರುಳು ಇದೇ. ಸೀವ್ ಅಂದರೆ ಜರಡಿ. ಅಮ್ಮ ಒಂದು ಸಲ "ಏನೋ ಅದು, ರಾತ್ರಿಯೆಲ್ಲಾ ಗುಂಯ್ ಅಂತಿರುತ್ತೆ?" ಅಂತ ಕೇಳಿದ್ದರು. "ಜರಡಿ ಹಿಡೀತಿದೆ ಅಮ್ಮ" ಅಂದೆ. ಅದಕ್ಕಿಂತ ಸರಿಯಾದ ಉತ್ತರ ಇಲ್ಲ. ಕೋಟಿಗಟ್ಟಲೆ ಸಂಖ್ಯೆಗಳನ್ನು ಹಾಯಿಸಿ, ಬರೀ ಸಣ್ಣ ಅವಿಭಾಜ್ಯಗಳಿಂದಾದ ಕೆಲವನ್ನು ಮಾತ್ರ ಉಳಿಸಿಕೊಳ್ಳುವುದು. ಹಾಗೆ ಉಳಿದ ಒಂದೊಂದು ಸಾಲಿಗೂ ರಿಲೇಶನ್ ಅಂತಾರೆ.

ಈ ಹಂಚಿಕೆ ದೊಡ್ಡ ಮಟ್ಟದಲ್ಲಿ ನಡೆದದ್ದಕ್ಕೆ ಎಲ್ಲರೂ ನೆನೆಯುವುದು ಆರ್‌ಎಸ್‌ಎ-129. (ಆರ್‌ಎಸ್‌ಎ ಅಂದರೆ ದೊಡ್ಡ ಸಂಖ್ಯೆ ಒಡೆಯೋದು ಕಷ್ಟ ಅನ್ನೋದನ್ನೇ ನಂಬಿ ಮಾಹಿತಿಯನ್ನು ಗುಟ್ಟಾಗಿಡುವ ವಿಧಾನ.) 129 ಅಂಕಿಯ ಸಂಖ್ಯೆ. 1977ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ 100 ಡಾಲರ್ ಬಹುಮಾನದ ಸವಾಲಾಗಿ ಬಂತು. 17 ವರ್ಷ ಹಾಗೇ ಉಳಿಯಿತು. ಡೆರೆಕ್ ಆಟ್ಕಿನ್ಸ್, ಮೈಕೆಲ್ ಗ್ರಾಫ್, ಅರ್ಯೆನ್ ಲೆನ್‌ಸ್ಟ್ರಾ, ಪಾಲ್ ಲೇಲ್ಯಾಂಡ್ ಸೇರಿ ಇಂಟರ್‌ನೆಟ್‌ನಲ್ಲಿ ಜನರನ್ನು ಕರೆದರು. 20ಕ್ಕೂ ಜಾಸ್ತಿ ದೇಶಗಳಿಂದ ಸುಮಾರು 600 ಜನ, ಸುಮಾರು 1600 ಯಂತ್ರ, 8 ತಿಂಗಳು. ರಿಲೇಶನ್‌ಗಳು ಬಂದದ್ದು ಈ-ಮೇಲ್‌ನಲ್ಲಿ. ನಮ್ಮ 1633ಕ್ಕೆ 2, 3, 7 ಮೂರೇ ಅವಿಭಾಜ್ಯ ಸಾಕಾಯಿತು, ಅಲ್ವಾ? ಅವರ ಪಟ್ಟಿಯಲ್ಲಿ 5,24,339 ಇದ್ದವು. ಏಪ್ರಿಲ್ 1994ರಲ್ಲಿ 64 ಅಂಕಿಯ ಒಂದು, 65 ಅಂಕಿಯ ಒಂದು ಅವಿಭಾಜ್ಯ ಸಿಕ್ಕವು. ಬಹುಮಾನದ ಹಣ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ಗೆ ಹೋಯಿತು.

ಈಗ ನಂಬರ್ ಫೀಲ್ಡ್ ಸೀವ್ ಎಂಬ ಇನ್ನೂ ಬಲವಾದ ಜರಡಿ ಬಂದಿದೆ. ನೀವು ಸೇರಬಹುದಾದ ಜಾಗ ಎನ್‌ಎಫ್‌ಎಸ್ ಅಟ್ ಹೋಮ್. ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿರುವ ವಿಶ್ವವಿದ್ಯಾಲಯದ ಗ್ರೆಗ್ ಚೈಲ್ಡರ್ಸ್ 2009ರಲ್ಲಿ ಶುರು ಮಾಡಿದ್ದು. ಬೋಯಿಂಕ್ ಎಂಬ ತಂತ್ರಾಂಶ ಹಾಕಿಕೊಂಡರೆ ಕೆಲಸ ತಾನೇ ಬರುತ್ತೆ, ಮುಗಿದದ್ದು ತಾನೇ ವಾಪಸ್ ಹೋಗುತ್ತೆ. 2012ರಲ್ಲಿ ಇವರು 2ರ 1061ನೇ ಘಾತದಿಂದ 1 ಕಳೆದ ಸಂಖ್ಯೆಯನ್ನು ಒಡೆದರು. 320 ಅಂಕಿ! ಅವರು ಒಡೆಯುವ ಸಂಖ್ಯೆಗಳಲ್ಲಿ ಹೆಚ್ಚಿನವು ಇಂಥ ಘಾತಗಳಿಗೆ 1 ಕೂಡಿಸಿದ, ಕಳೆದ ಸಂಖ್ಯೆಗಳ ಅಪವರ್ತನ ಬರೆದಿಟ್ಟ ಕನ್ನಿಂಗ್‌ಹ್ಯಾಮ್ ಪಟ್ಟಿಯಂಥ ಹಳೇ ಪಟ್ಟಿಗಳಿಂದ ಬಂದವು. ಆ ಪಟ್ಟಿ 1925ರಲ್ಲಿ ಪುಸ್ತಕವಾಗಿ ಬಂದದ್ದು. ಇವತ್ತಿಗೂ ಅದರ ಖಾಲಿ ಜಾಗಗಳನ್ನು ಜನ ಒಂದೊಂದಾಗಿ ತುಂಬುತ್ತಿದ್ದಾರೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಜರಡಿ ಮುಗಿದ ಮೇಲೆ "ಯಾವ ಯಾವ ಸಾಲು ಗುಣಿಸಿದರೆ ಪೂರ್ಣ ವರ್ಗ ಆಗುತ್ತೆ" ಅಂತ ಹುಡುಕಲು ಒಂದು ದೊಡ್ಡ ಮ್ಯಾಟ್ರಿಕ್ಸ್ ಬಿಡಿಸಬೇಕು. ಅದನ್ನು ಮನೆಮನೆಗೆ ಹಂಚೋಕಾಗಲ್ಲ. ಅದರ ತುಂಡುಗಳು ಕ್ಷಣಕ್ಷಣಕ್ಕೂ ಒಂದಕ್ಕೊಂದು ಮಾತಾಡುತ್ತಿರಬೇಕು. ಹಾಗಾಗಿ ದೊಡ್ಡ ಸಂಖ್ಯೆಗಳಿಗೆ ಈ ಹಂತ ಒಂದೇ ಕಡೆ ಜೋಡಿಸಿಟ್ಟ ಕಂಪ್ಯೂಟರ್‌ಗಳ ಗುಂಪಿನಲ್ಲಿ, ಅಂದರೆ ಕ್ಲಸ್ಟರಿನಲ್ಲಿ ನಡೆಯುತ್ತೆ. ನಮ್ಮ ಪಾಲು ಜರಡಿಯದ್ದು. ಇಡೀ ದಾರಿ ನೋಡಬೇಕು ಅಂತ ಆಸೆ ಇದ್ದರೆ ಕ್ಯಾಡೊ-ಎನ್‌ಎಫ್‌ಎಸ್ ಎಂಬ ತಂತ್ರಾಂಶ ಹಾಕಿಕೊಂಡು 100 ಅಂಕಿಯ ಸಂಖ್ಯೆಯೊಂದನ್ನು ನೀವೇ ಮೊದಲಿನಿಂದ ಕೊನೆಯವರೆಗೆ ಒಡೆಯಿರಿ. ನಾನು 130 ಅಂಕಿಯದೊಂದನ್ನು ಮಾಡಿದಾಗ ನಾಲ್ಕು ದಿನ ಹಿಡಿಯಿತು. ಮೂರನೇ ದಿನ ಮೇ ತಿಂಗಳ ಮಳೆಗೆ ನಮ್ಮ ಬೀದಿಯ ಮರದ ಕೊಂಬೆ ಲೈನಿನ ಮೇಲೆ ಬಿದ್ದು ಕರೆಂಟ್ ಹೋಯಿತು. ಅಷ್ಟರೊಳಗೆ ಸೇರಿದ್ದ ರಿಲೇಶನ್‌ಗಳು ಡಿಸ್ಕಿನಲ್ಲಿ ಭದ್ರವಾಗಿದ್ದವು, ಬಿಟ್ಟಲ್ಲಿಂದಲೇ ಮುಂದುವರಿಯಿತು. ನಾಲ್ಕನೇ ದಿನ ಬೆಳಗ್ಗೆ ಕಾಫಿ ಹಿಡಿದು ಬಂದಾಗ ತೆರೆಯ ಮೇಲೆ ಎರಡು ಸಂಖ್ಯೆಗಳಿದ್ದವು. ಅವನ್ನು ಗುಣಿಸಿ ನೋಡಿದ ಆ ನಿಮಿಷದ ಖುಷಿ ಇನ್ನೂ ನೆನಪಿದೆ.

ಜರಡಿಯಲ್ಲದ ಇನ್ನೊಂದು ದಾರಿಯೂ ಇದೆ: ಹೆಂಡ್ರಿಕ್ ಲೆನ್‌ಸ್ಟ್ರಾ ಕಂಡುಹಿಡಿದ ಎಲಿಪ್ಟಿಕ್ ಕರ್ವ್ ವಿಧಾನ, ಅಂದರೆ ಇಸಿಎಂ. ಇದರಲ್ಲಿ ಒಂದೊಂದು ಕರ್ವ್ ಒಂದೊಂದು ಸ್ವತಂತ್ರ ಪ್ರಯತ್ನ. ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಮುಂದಿನದು. 35 ಅಂಕಿಯ ಅಪವರ್ತನ ಹುಡುಕಲು ಒಂದೊಂದು ಕರ್ವಿನ ಹುಡುಕಾಟದ ಮಿತಿಯನ್ನು 10 ಲಕ್ಷಕ್ಕೆ ಇಟ್ಟು ಸುಮಾರು 900 ಕರ್ವ್ ಓಡಿಸಬೇಕು. ಅಷ್ಟಾದ ಮೇಲೂ ತಪ್ಪಿಹೋಗುವ ಸಾಧ್ಯತೆ ಶೇ. 37ರಷ್ಟಿರುತ್ತೆ. ತಿಂಗಳುಗಟ್ಟಲೆ ಏನೂ ಸಿಗದೇ ಇರಬಹುದು. ಆದರೆ ಆ ಖಾಲಿ ಕರ್ವ್‌ಗಳ ಲೆಕ್ಕವನ್ನೂ ಆ ಸಂಖ್ಯೆ ಒಡೆಯುತ್ತಿರುವ ಗುಂಪಿಗೆ ಕಳಿಸಿ, ಬಚ್ಚಿಡಬೇಡಿ. "ಇಲ್ಲಿ ಸಣ್ಣ ಅಪವರ್ತನ ಇರಲಾರದು, ಇನ್ನು ಜರಡಿ ಶುರು ಮಾಡೋಣ" ಅಂತ ತೀರ್ಮಾನಿಸುವುದು ಆ ಲೆಕ್ಕದ ಮೇಲೆಯೇ. ನನ್ನನ್ನು ಕೇಳಿದರೆ, ಯಂತ್ರದ ಒಂದೊಂದು ಗಂಟೆಯೂ ಖಚಿತವಾಗಿ ಕೆಲಸಕ್ಕೆ ಬರಬೇಕು ಅನ್ನುವವರಿಗೆ ಜರಡಿ. ಒಂದು ದಿನ ಒಂದು ಅಪವರ್ತನ ನಾನೇ ಕಾಣಬೇಕು ಅನ್ನುವವರಿಗೆ ಇಸಿಎಂ. ನಾನು ಮಳೆಗಾಲ, ಚಳಿಗಾಲದಲ್ಲಿ ಜರಡಿ ಹಿಡಿಸುತ್ತೇನೆ, ಉಳಿದ ತಿಂಗಳು ಒಂದೇ ಕೋರಿನಲ್ಲಿ ಇಸಿಎಂ.

ಇದರಿಂದ ಬ್ಯಾಂಕಿನ ಬೀಗ ಒಡೆಯುತ್ತಾ ಅಂತ ನನ್ನ ತಮ್ಮನೂ ಕೇಳಿದ್ದ. ಇಲ್ಲ. 2020ರಲ್ಲಿ ಸಂಶೋಧಕರ ಒಂದು ತಂಡ ಒಡೆದ ಆರ್‌ಎಸ್‌ಎ-250ಕ್ಕೇ ಒಂದು ಕೋರ್ 2700 ವರ್ಷ ದುಡಿಯುವಷ್ಟು ಕೆಲಸ ಬೇಕಾಯಿತು. ಅದು 250 ಅಂಕಿ. ಬೀಗಕ್ಕೆ ಈಗ ಬಳಸುವ 2048 ಬಿಟ್‌ನ ಕೀಲಿಯಲ್ಲಿರುವ ಸಂಖ್ಯೆ 617 ಅಂಕಿ. ಎಷ್ಟು ಉದ್ದದ ಕೀಲಿ ಸಾಕು ಅಂತ ಧೈರ್ಯವಾಗಿ ಹೇಳಲು ಇಂಥ ಪ್ರಯತ್ನಗಳೇ ಆಧಾರ.

ಕರೆಂಟಿನ ಲೆಕ್ಕ ಹೀಗೆ. ನನ್ನ ಡೆಸ್ಕ್‌ಟಾಪ್ ಪೂರ್ತಿ ದುಡಿಯುವಾಗ ಸುಮಾರು 100 ವ್ಯಾಟ್ ಎಳೆಯುತ್ತೆ. ಹಗಲೂ ರಾತ್ರಿ ಓಡಿಸಿದರೆ ತಿಂಗಳಿಗೆ 72 ಯೂನಿಟ್. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಾತ್ರ ಓಡಿಸಿದರೆ 24 ಯೂನಿಟ್. ನಾನು ಎರಡನೆಯದನ್ನೇ ಮಾಡುತ್ತೇನೆ, ನಮ್ಮೂರಿನ ರಾತ್ರಿಯ ತಂಪೂ ಸಹಾಯಕ್ಕೆ ಬರುತ್ತೆ. ಸಮಯ ಇಷ್ಟು, ಕೋರ್ ಇಷ್ಟು ಅಂತ ಬೋಯಿಂಕ್‌ನಲ್ಲೇ ಗೊತ್ತು ಮಾಡಬಹುದು. ಮೊದಲು ಕ್ಯಾಬಿನೆಟ್ ಬಿಚ್ಚಿ ಫ್ಯಾನಿನ ಧೂಳು ಒರೆಸಿ, ಪ್ರೊಸೆಸರ್ ಮೇಲಿನ ಹಳೇ ಪೇಸ್ಟ್ ತೆಗೆದು ಹೊಸದು ಹಚ್ಚಿ. ಮೊದಲ ವಾರ ಎರಡೇ ಕೋರ್ ಕೊಡಿ, ಬಿಸಿ ಎಷ್ಟಾಗುತ್ತೆ ನೋಡಿ, ಆಮೇಲೆ ಉಳಿದೆರಡನ್ನು ಸೇರಿಸಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಕೇಳಿ, ನನಗೆ ಗೊತ್ತಿರುವುದನ್ನು ಹೇಳುತ್ತೇನೆ.