ಗಂಡನ ವೀರ್ಯದಲ್ಲಿ ತೊಂದರೆ ಇದ್ದರೆ ಐವಿಎಫ್ (ಲ್ಯಾಬಿನಲ್ಲಿ ಅಂಡಾಣು, ವೀರ್ಯಾಣು ಸೇರಿಸಿ ಭ್ರೂಣ ಬೆಳೆಸುವ ಚಿಕಿತ್ಸೆ) ಫಲ ಕೊಡುತ್ತದೆಯೇ?

ಕೊಡಬಹುದು. ಆದರೆ ತೊಂದರೆ ಯಾವುದು ಅನ್ನೋದು ಮುಖ್ಯ.

ವೀರ್ಯಾಣುಗಳು ಕಡಿಮೆ, ಚಲನೆ ನಿಧಾನ ಅಂದರೆ ಈಗ ಅಷ್ಟು ಹೆದರಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣುಗಳನ್ನು ಕೆಳಮಿತಿ ಎನ್ನುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಮಗು ಆಗೋದೇ ಇಲ್ಲ ಅಂತಲ್ಲ. ಐವಿಎಫ್‌ನದೇ ಒಂದು ಬಗೆಯಾದ ಇಕ್ಸಿ ವಿಧಾನದಲ್ಲಿ ಒಂದೇ ವೀರ್ಯಾಣುವಿನ ಬಾಲವನ್ನು ಒತ್ತಿ ಅಲುಗಾಡದಂತೆ ಮಾಡಿ, ಗಾಜಿನ ಸೂಜಿಯಿಂದ ನೇರ ಅಂಡಾಣುವಿನೊಳಗೆ ಬಿಡುತ್ತಾರೆ. ವೀರ್ಯದಲ್ಲಿ ವೀರ್ಯಾಣುವೇ ಇಲ್ಲದಿದ್ದರೂ ಕೆಲವರಲ್ಲಿ ವೃಷಣದಿಂದಲೇ ತೆಗೆಯಬಹುದು.

ನನಗೆ ಕೇಳಿದರೆ, ದೊಡ್ಡ ತಲೆನೋವು ವೀರ್ಯಾಣುವಿನೊಳಗಿನ ಡಿಎನ್‌ಎ ತುಂಡಾಗಿರುವುದು. ಸಾಮಾನ್ಯ ವೀರ್ಯ ಪರೀಕ್ಷೆಯಲ್ಲಿ ಇದು ಕಾಣುವುದಿಲ್ಲ. ಮೊದಲ ಎರಡು ಮೂರು ದಿನ ಭ್ರೂಣ ಹೆಚ್ಚಾಗಿ ಅಂಡಾಣುವಿನ ಸರಕಿನ ಮೇಲೆಯೇ ಬೆಳೆಯುತ್ತದೆ. ಆಮೇಲೆ ಅದರ ಸ್ವಂತ ಜೀನುಗಳು ಕೆಲಸ ಶುರು ಮಾಡುತ್ತವೆ, ಅಪ್ಪನ ಪಾಲಿನವೂ ಸೇರಿ. ಹಾಗಾಗಿ ಮೂರನೇ ದಿನದವರೆಗೆ ಚೆನ್ನಾಗಿದ್ದ ಭ್ರೂಣ ಐದನೇ ದಿನದ ಹೊತ್ತಿಗೆ ನಿಂತುಹೋಗಬಹುದು. ಗರ್ಭಪಾತದ ಸಾಧ್ಯತೆಯೂ ಜಾಸ್ತಿ. ಒಳ್ಳೆಯ ಅಂಡಾಣು ಈ ಹಾನಿಯನ್ನು ಸ್ವಲ್ಪ ಮಟ್ಟಿಗೆ ರಿಪೇರಿ ಮಾಡಿಕೊಳ್ಳುತ್ತದೆ. ಹೆಂಡತಿಯ ವಯಸ್ಸು ಹೆಚ್ಚಾದಂತೆ ಆ ಶಕ್ತಿ ಕುಗ್ಗುತ್ತದೆ.

ಸಿಗರೇಟು, ಬೊಜ್ಜು, ವೃಷಣಕ್ಕೆ ತಾಗುವ ಬಿಸಿ, ವೆರಿಕೋಸೀಲ್ (ವೃಷಣದ ಚೀಲದಲ್ಲಿ ರಕ್ತನಾಳಗಳು ಊದಿಕೊಳ್ಳುವುದು) ಎಲ್ಲವೂ ಹಾನಿ ಮಾಡುತ್ತವೆ. ಜಿಮ್ಮಿಗಾಗಿ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತೆಗೆದುಕೊಂಡರೆ ವೀರ್ಯಾಣು ತಯಾರಿಕೆಯೇ ನಿಲ್ಲಬಹುದು. ಗಂಡಸುತನ ಹೆಚ್ಚಲಿ ಅಂತ ತಗೊಳ್ಳೋದು, ಆಗೋದು ಉಲ್ಟಾ, ಅಲ್ವಾ!

ಹೊಸ ವೀರ್ಯಾಣು ತಯಾರಾಗಲು ಎರಡೂವರೆಯಿಂದ ಮೂರು ತಿಂಗಳು ಬೇಕು. ಐವಿಎಫ್‌ಗೆ ಒಂದು ವಾರ ಮುಂಚೆ ಸಿಗರೇಟು ಬಿಟ್ಟರೆ ಸಾಲದು, ಮೂರು ತಿಂಗಳ ಮೊದಲೇ ಬಿಡಿ.