ಕೀಮೋ ನಡೆಯುವಾಗ ಅನ್ನ ಬಿಡಿಸಬೇಡಿ

ಪ್ರಶ್ನೆ: ನನ್ನ ತಂಗಿಗೆ 46 ವರ್ಷ. ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಈಗ ಕೀಮೋ ನಡೆಯುತ್ತಿದೆ. ಅನ್ನ, ಹಾಲು, ಗೋಧಿ, ಸಕ್ಕರೆ ಎಲ್ಲವೂ ಮೈಯೊಳಗೆ ಉರಿಯೂತ ಹೆಚ್ಚಿಸುತ್ತವೆ, ಕ್ಯಾನ್ಸರ್‌ಗೆ ಉರಿಯೂತವೇ ಕಾರಣ ಅಂತ ಹೇಳುವ ವಿಡಿಯೋ ನೋಡಿ ಅವಳ ಗಂಡ ಎಲ್ಲ ನಿಲ್ಲಿಸಿಬಿಟ್ಟಿದ್ದಾರೆ. ಬೆಳಿಗ್ಗೆ ಹಸಿ ಸೊಪ್ಪಿನ ಜ್ಯೂಸ್, ಮಧ್ಯಾಹ್ನ ಲಕ್ಷ್ಮಣಫಲ, ಎರಡು ಹೊತ್ತು ಅರಿಶಿನದ ಕ್ಯಾಪ್ಸೂಲ್. 58 ಕಿಲೋ ಇದ್ದವಳು ಎರಡೇ ತಿಂಗಳಲ್ಲಿ 51ಕ್ಕೆ ಇಳಿದಿದ್ದಾಳೆ. ಅವರು ಪ್ರೀತಿಯಿಂದಲೇ ಮಾಡುತ್ತಿದ್ದಾರೆ, ಹೇಗೆ ಬೇಡ ಅನ್ನಲಿ?
— ಹೆಸರು ಬೇಡ, ತಿಪಟೂರು

ಉತ್ತರ: ನಿಮ್ಮ ಪತ್ರ ಓದಿ ನನಗೆ ಹೆದರಿಕೆ ಆಗಿದ್ದು ಆ ಏಳು ಕಿಲೋ ನೋಡಿ. ನಾನು ಕ್ಯಾನ್ಸರ್ ವಾರ್ಡಿನಲ್ಲಿ ಊಟ ಪಥ್ಯ ನೋಡಿಕೊಂಡು ಬಂದವಳು. ಅಲ್ಲಿ ನಾವು ದಿನಾ ಮೊದಲು ಕೇಳುವುದೇ ತೂಕ. ಕೀಮೋ ಔಷಧಿಯ ಪ್ರಮಾಣ ಲೆಕ್ಕ ಹಾಕುವುದು ಎತ್ತರ, ತೂಕ ನೋಡಿ. ತೂಕ ಹೀಗೆ ಇಳಿಯುತ್ತಾ ಹೋದರೆ ಸುಸ್ತು, ಸೋಂಕು ಜಾಸ್ತಿಯಾಗುತ್ತದೆ, ಮುಂದಿನ ಕೀಮೋ ಮುಂದೂಡಬೇಕಾಗುತ್ತದೆ. ಈ ಉತ್ತರ ಅಚ್ಚಾಗಿ ನಿಮ್ಮ ಕೈ ಸೇರುವವರೆಗೂ ಕಾಯಬೇಡಿ ಅಂತ ನಿಮಗೆ ಬೇರೆ ಕಾಗದವನ್ನೂ ಹಾಕಿದ್ದೇನೆ. ತೂಕ ಇಳಿದ ವಿಷಯವನ್ನೂ ಕ್ಯಾಪ್ಸೂಲಿನ ವಿಷಯವನ್ನೂ ಕೂಡಲೇ ಅವಳ ಡಾಕ್ಟರಿಗೆ ಹೇಳಿ.

ಆ ವಿಡಿಯೋದಲ್ಲಿ ನಿಜವೂ ಇದೆ. ಗಡ್ಡೆಯೊಳಗೆ ಬಿಳಿ ರಕ್ತಕಣಗಳು ತುಂಬಿರುವುದನ್ನು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ 1863ರಲ್ಲೇ ಗುರುತಿಸಿ, ಉರಿಯೂತಕ್ಕೂ ಕ್ಯಾನ್ಸರಿಗೂ ನಂಟಿದೆ ಅಂದಿದ್ದರು. ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ 1984ರಲ್ಲಿ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಬೆರೆಸಿದ ದ್ರವವನ್ನು ತಾವೇ ಕುಡಿದು ಹೊಟ್ಟೆಯ ಉರಿಯೂತ ಬರಿಸಿಕೊಂಡರು. ವರ್ಷಗಟ್ಟಲೆ ಹೊಟ್ಟೆಯಲ್ಲಿ ಉಳಿದರೆ ಆ ಬ್ಯಾಕ್ಟೀರಿಯಾ ಜಠರದ ಕ್ಯಾನ್ಸರಿಗೆ ದಾರಿ ಮಾಡುತ್ತದೆ ಅಂತ ಆಮೇಲೆ ಖಚಿತವಾಯಿತು. 2005ರಲ್ಲಿ ಮಾರ್ಷಲ್‌ಗೂ ಅವರ ಜೊತೆ ಸಂಶೋಧನೆ ಮಾಡಿದ ರಾಬಿನ್ ವಾರನ್‌ಗೂ ನೊಬೆಲ್ ಬಂತು. ಒಂದು ಜಾಗ ಸದಾ ಕೆರಳಿಯೇ ಇದ್ದರೆ ಅಲ್ಲಿನ ಜೀವಕೋಶಗಳು ಸತ್ತು ಹುಟ್ಟಿ, ಸತ್ತು ಹುಟ್ಟಿ, ಪ್ರತಿ ಸಲವೂ ತಪ್ಪಾಗುವ ಸಂಭವ ಹೆಚ್ಚುತ್ತದೆ. ಬಿಳಿ ಕಣಗಳು ಬಿಡುವ ರಾಸಾಯನಿಕಗಳೂ ಡಿಎನ್‌ಎಗೆ ಪೆಟ್ಟು ಕೊಡುತ್ತವೆ.

ಆದರೆ ಇದೆಲ್ಲ ವರ್ಷಾನುಗಟ್ಟಲೆ, ಹತ್ತಾರು ವರ್ಷ ನಡೆಯುವ ಕೆಲಸ. ನಲವತ್ತು ವರ್ಷ ಏನು ತಿಂದೆವು, ಹೊಟ್ಟೆಯ ಬೊಜ್ಜು ಎಷ್ಟಿತ್ತು, ಕುಡಿತ ಇತ್ತಾ ಅನ್ನುವುದೆಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಬೊಜ್ಜು ಸುಮ್ನೆ ಕೂತಿರುವುದಿಲ್ಲ. ಉರಿಯೂತದ ಸಂಕೇತಗಳನ್ನು ರಕ್ತಕ್ಕೆ ಬಿಡುತ್ತಿರುತ್ತದೆ, ಮುಟ್ಟು ನಿಂತ ಹೆಂಗಸರಲ್ಲಿ ಸ್ತನ ಕ್ಯಾನ್ಸರಿಗೆ ಒತ್ತಾಸೆಯಾಗುವ ಈಸ್ಟ್ರೋಜನ್ ಹಾರ್ಮೋನನ್ನೂ ತಯಾರಿಸುತ್ತದೆ. ಸೊಪ್ಪು, ಕಾಳು, ರಾಗಿ, ಜೋಳದ ನಾರನ್ನು ಕರುಳಿನ ಬ್ಯಾಕ್ಟೀರಿಯಾಗಳು ಒಡೆದು ಬ್ಯೂಟಿರೇಟ್ ಎಂಬ ವಸ್ತು ಮಾಡುತ್ತವೆ. ದೊಡ್ಡ ಕರುಳಿನ ಒಳಪದರಕ್ಕೆ ಅದೇ ಆಹಾರ. ನಮ್ಮ ಬಸ್ಸಾರು, ಮುದ್ದೆಯನ್ನು ನಾನು ಮನಸಾರೆ ಹೊಗಳುವುದು ಇದಕ್ಕೇ. ಇದು ಕಾಯಿಲೆ ಬರದಂತೆ ನೋಡಿಕೊಳ್ಳುವ ಮಾತು. ಕೀಮೋ ಮಧ್ಯೆ ಇರುವ ನಿಮ್ಮ ತಂಗಿಯ ಅಗತ್ಯ ಬೇರೆಯೇ.

ಸಕ್ಕರೆ ಕ್ಯಾನ್ಸರಿಗೆ ಊಟ, ಅನ್ನ ಬಿಟ್ಟರೆ ಗಡ್ಡೆ ಉಪವಾಸ ಬೀಳುತ್ತದೆ ಅನ್ನುತ್ತಾರೆ, ಅಲ್ವಾ? ಅನ್ನ ಬಿಟ್ಟರೂ ರಕ್ತದಲ್ಲಿ ಗ್ಲೂಕೋಸ್ ಇದ್ದೇ ಇರುತ್ತದೆ. ಸಿಗದಿದ್ದರೆ ದೇಹ ಸ್ನಾಯು ಕರಗಿಸಿ ಅದನ್ನು ಮಾಡಿಕೊಳ್ಳುತ್ತದೆ. ನಿಮ್ಮ ತಂಗಿಯ ತೋಳು, ತೊಡೆ ಸೊರಗಿರಬೇಕು ನೋಡಿ. ಗಡ್ಡೆಗಿಂತ ಮೊದಲು ಉಪವಾಸ ಬೀಳುತ್ತಿರುವವಳು ಅವಳು.

ಅವಳಿಗೆ ಈಗ ದಿನಕ್ಕೆ 60ರಿಂದ 75 ಗ್ರಾಂ ಪ್ರೊಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಮೂರು ಹೊತ್ತಿನ ಊಟ ಸಾಲುವುದಿಲ್ಲ. ಎರಡೆರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. ಹಾಲು ಹಾಕಿದ ರಾಗಿ ಗಂಜಿ, ಹೆಸರುಬೇಳೆ ತೊವ್ವೆ ಕಲಸಿ ತುಪ್ಪ ಹಾಕಿದ ಮೆತ್ತಗಿನ ಅನ್ನ, ಚೆನ್ನಾಗಿ ಬೇಯಿಸಿದ ಮೊಟ್ಟೆ, ಮನೆಯಲ್ಲೇ ಹೆಪ್ಪು ಹಾಕಿದ ಮೊಸರಿನ ಅನ್ನ, ಹುರಿದ ಕಡಲೆಬೀಜದ ಪುಡಿ. ಮಾಂಸ ತಿನ್ನುವವರಾದರೆ ಕೋಳಿ ಸಾರು, ಮೀನು. ಬಿಸಿ ಊಟದ ವಾಸನೆಗೆ ವಾಕರಿಕೆ ಬಂದರೆ ಆರಿಸಿ ಕೊಡಿ. ಬಾಯಿ ಹುಣ್ಣಾಗಿದ್ದರೆ ಖಾರ, ಹುಳಿ ಬೇಡ. ಸಕ್ಕರೆ ಕಾಯಿಲೆಯೋ ಕಿಡ್ನಿ ತೊಂದರೆಯೋ ಇದ್ದರೆ ಮಾತ್ರ ಈ ಲೆಕ್ಕ ಬದಲಾಗುತ್ತದೆ, ಆಸ್ಪತ್ರೆಯ ಪಥ್ಯತಜ್ಞರನ್ನು ಕೇಳಿ.

ಹಸಿ ಜ್ಯೂಸ್ ಇವತ್ತೇ ನಿಲ್ಲಲಿ. ಕೀಮೋದಿಂದ ಬಿಳಿ ಕಣ ಇಳಿದಾಗ ತೊಳೆಯದ ಸೊಪ್ಪಿನ ಮಣ್ಣಿನಲ್ಲಿರುವ ಒಂದು ಸೋಂಕು ಸಾಕು ಐಸಿಯು ಸೇರಿಸಲು. ಅದೇ ಸೊಪ್ಪನ್ನು ಬೇಯಿಸಿ ಹಾಕಿ. ಸಾರಿಗೆ ಹಾಕುವ ಅರಿಶಿನ ಧಾರಾಳವಾಗಿ ಇರಲಿ. ಕ್ಯಾಪ್ಸೂಲ್ ಬೇರೆ ಮಾತು. ಅರಿಶಿನದ ಕರ್ಕ್ಯುಮಿನ್ ಮೈಗೆ ಹಿಡಿಯುವುದು ತೀರಾ ಕಡಿಮೆ, ಅದಕ್ಕೆ ಕರಿಮೆಣಸಿನ ಸಾರ ಸೇರಿಸಿ ಮಾರುತ್ತಾರೆ. ಇಂಥ ಕ್ಯಾಪ್ಸೂಲಿನಿಂದ ಲಿವರ್ ಕೆಟ್ಟ ಪ್ರಕರಣಗಳು ವರದಿಯಾಗಿವೆ. ಕೀಮೋ ಔಷಧಿಗಳನ್ನು ಸಂಭಾಳಿಸಬೇಕಾದ್ದೂ ಅದೇ ಲಿವರ್. ಲಕ್ಷ್ಮಣಫಲದ ಸಾರ ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಕೊಂದಿದೆ, ನಿಜ. ಮನುಷ್ಯರ ಕ್ಯಾನ್ಸರ್ ವಾಸಿ ಮಾಡಿದ್ದಕ್ಕೆ ಪುರಾವೆ ಇಲ್ಲ. ಕೆರಿಬಿಯನ್‌ನ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣು, ಎಲೆಯ ಕಷಾಯ ಜಾಸ್ತಿ ಬಳಸಿದವರಲ್ಲಿ ಪಾರ್ಕಿನ್‌ಸನ್ಸ್ ತರಹದ ನರದ ಕಾಯಿಲೆಯ ನಂಟು ಕಂಡಿದೆ.

"ಒಳ್ಳೆಯದು ಅಂದಮೇಲೆ ಮಾತ್ರೆಯಲ್ಲಿ ಜಾಸ್ತಿ ಕೊಟ್ಟರೆ ಇನ್ನೂ ಒಳ್ಳೆಯದಲ್ವಾ" ಅನ್ನುವವರಿಗೆ ನಾನು ಫಿನ್‌ಲ್ಯಾಂಡಿನ ಕತೆ ಹೇಳುತ್ತೇನೆ. ಕ್ಯಾರೆಟ್ಟಿನಲ್ಲಿರುವ ಬೀಟಾ ಕ್ಯಾರೋಟಿನ್ನನ್ನು ಅಲ್ಲಿ ಸಿಗರೇಟು ಸೇದುವ ಗಂಡಸರಿಗೆ ಮಾತ್ರೆಯಾಗಿ ಕೊಟ್ಟು ನೋಡಿದರು. ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿ ಅಂತ ಕೊಟ್ಟಿದ್ದು. 1994ರಲ್ಲಿ ಫಲಿತಾಂಶ ಬಂದಾಗ ಮಾತ್ರೆ ತಿಂದವರಲ್ಲೇ ಆ ಕ್ಯಾನ್ಸರ್ ಶೇ 18ರಷ್ಟು ಜಾಸ್ತಿ ಇತ್ತು.

ಇನ್ನು ಅವಳ ಗಂಡನ ವಿಷಯ. ಅವರ ಮೇಲೆ ನನಗೆ ಕೋಪವಿಲ್ಲ. ಹೆಂಡತಿ ಮಲಗಿರುವಾಗ ತಾನೂ ಏನಾದರೂ ಮಾಡಬೇಕು ಅಂತ ಅವರ ಜೀವ ಒದ್ದಾಡುತ್ತಿದೆ. ಆ ವಿಡಿಯೋ ಅವರಿಗೊಂದು ಕೆಲಸ ಕೊಟ್ಟಿದೆ. ನೀವು ಅದನ್ನು ಸುಮ್ನೆ ಕಿತ್ತುಕೊಳ್ಳಬೇಡಿ, ಬೇರೆ ಕೆಲಸ ಕೊಡಿ. ವಾರಕ್ಕೊಮ್ಮೆ ತೂಕ ಬರೆದಿಡುವುದು, ಎರಡು ಗಂಟೆಗೊಮ್ಮೆ ತಿನ್ನಿಸುವುದು, ಜ್ವರ ನೋಡುವುದು. 100.4 ಡಿಗ್ರಿ ಮುಟ್ಟಿದರೆ ರಾತ್ರಿಯಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಅಂತ ಹೇಳಿ. ಮಿಕ್ಸಿ ತೊಳೆಯುವುದಕ್ಕಿಂತ ದೊಡ್ಡ ಜವಾಬ್ದಾರಿ ಅದು.

ಪ್ರಶ್ನೆ: ವಯಸ್ಸು 34. ಹೆಲ್ತ್ ಚೆಕಪ್‌ನಲ್ಲಿ ಸಿಆರ್‌ಪಿ (ಉರಿಯೂತ ತೋರಿಸುವ ರಕ್ತ ಪರೀಕ್ಷೆ) ಸ್ವಲ್ಪ ಜಾಸ್ತಿ ಬಂದಿದೆ. ಕ್ಯಾನ್ಸರ್ ಇರಬಹುದಾ?
— ಓದುಗ, ಹುಬ್ಬಳ್ಳಿ

ಉತ್ತರ: ಅದೊಂದರಿಂದ ಹಾಗೆ ಹೇಳಲಾಗದು. ನೆಗಡಿ, ಒಸಡಿನ ಸೋಂಕು, ಕೀಲು ನೋವು, ಬೊಜ್ಜು, ಸಿಗರೇಟು ಯಾವುದರಿಂದಲೂ ಸಿಆರ್‌ಪಿ ಏರುತ್ತದೆ. ಕೆಲವು ವಾರ ಬಿಟ್ಟು, ಮೈ ಹುಷಾರಾಗಿರುವಾಗ ಇನ್ನೊಮ್ಮೆ ಮಾಡಿಸಿ ನಿಮ್ಮ ಡಾಕ್ಟರಿಗೆ ತೋರಿಸಿ. ಅದರ ಜೊತೆ ಸೊಂಟದ ಸುತ್ತಳತೆ, ಬಿಪಿ, ಶುಗರ್ ನೋಡಿಸಿಕೊಳ್ಳಿ.

ಪ್ರಶ್ನೆ: ನಮ್ಮದು ಅಡಿಕೆ ತೋಟ. ಅಪ್ಪ ದಿನವಿಡೀ ಎಲೆ ಅಡಿಕೆ ಹಾಕುತ್ತಾರೆ, ತಂಬಾಕು ಮುಟ್ಟುವುದಿಲ್ಲ. ಈಚೆಗೆ ಸಾರು ಬಾಯಿಗೆ ಇಟ್ಟರೆ ಉರಿ ಅನ್ನುತ್ತಾರೆ. ತಂಬಾಕು ಇಲ್ಲ ಅಂದಮೇಲೆ ಭಯವಿಲ್ಲ ತಾನೆ?
— ಓದುಗರು, ಸಾಗರ

ಉತ್ತರ: ಉರಿಯೂತ, ಆಹಾರ, ಕ್ಯಾನ್ಸರ್ ಅಂತ ಊರೆಲ್ಲ ಮಾತಾಡುತ್ತದೆ, ಬಾಯಲ್ಲೇ ಇರುವ ಇದನ್ನು ಮರೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2003ರಲ್ಲೇ, ತಂಬಾಕು ಇಲ್ಲದ ಎಲೆ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಅಂತ ತೀರ್ಮಾನಿಸಿತು. ತೋಟ ನಂಬಿದ ಮನೆಗೆ ಇದು ಕಷ್ಟದ ಮಾತು ಅಂತ ಗೊತ್ತು, ಆದರೂ ಹೇಳದೆ ಇರಲಾರೆ.

ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಕೆನ್ನೆಯ ಒಳಪದರವನ್ನು ಕೆರಳಿಸಿ ಅಲ್ಲಿ ನಾರು ಬೆಳೆಸುತ್ತದೆ. ಮೊದಲು ಖಾರಕ್ಕೆ ಉರಿ, ಆಮೇಲೆ ಕೆನ್ನೆ ಬಿಳಿಚಿ ಬಿಗಿಯುತ್ತದೆ, ಬಾಯಿ ತೆರೆಯುವುದು ಕಡಿಮೆಯಾಗುತ್ತದೆ. ಅವರ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯಿಗೆ ಹಿಡಿಸುತ್ತವಾ ನೋಡಿ. ಹಿಡಿಸಲಿ ಬಿಡಲಿ, ಉರಿ ಶುರುವಾಗಿದೆ ಅಂದಮೇಲೆ ಈ ವಾರವೇ ದಂತವೈದ್ಯರಿಗೆ ತೋರಿಸಿ. 30 ದಾಟಿದವರ ಬಾಯಿ ಪರೀಕ್ಷೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲೂ ಮಾಡುತ್ತಾರೆ. ಅಡಿಕೆ ಬಿಟ್ಟರೂ ಬಿಗಿದ ಬಾಯಿ ಪೂರ್ತಿ ಮೊದಲಿನಂತಾಗುವುದು ಕಷ್ಟ, ಹಾಗಾಗಿ ಬಿಡುವುದು ಈಗಲೇ ಆಗಲಿ. ಬಿಟ್ಟ ಮೇಲೂ ಡಾಕ್ಟರು ಹೇಳಿದಷ್ಟು ದಿನಕ್ಕೊಮ್ಮೆ ಬಾಯಿ ತೋರಿಸುತ್ತಿರಬೇಕು.