ಹಳೆಯ ಜರ್ಮನ್ ಕಿಟ್‌ಗೆ ನಮ್ಮ ಹಂಚಿನ ಮಾಡು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನನ್ನ ಮಾವ ಬಹಳ ಹಿಂದೆ ಜರ್ಮನಿಯಿಂದ ತಂದು ಜೋಡಿಸಿದ್ದ ಎಚ್‌ಒ ಅಳತೆಯ ಪ್ಲಾಸ್ಟಿಕ್ ರೈಲು ನಿಲ್ದಾಣದ ಮಾದರಿಯೊಂದು (ಬಿಡಿಭಾಗಗಳನ್ನು ಅಂಟಿಸಿ ಕಟ್ಟುವ ಕಿಟ್) ನನ್ನ ಬಳಿ ಇದೆ. ಅದನ್ನು ನಮ್ಮ ಕರಾವಳಿಯ ಸಣ್ಣ ನಿಲ್ದಾಣವಾಗಿ ಮಾರ್ಪಡಿಸಬೇಕೆಂದಿದ್ದೇನೆ. ಥಿನ್ನರ್‌ನಲ್ಲಿ ನೆನೆಸಿದರೆ ಬಣ್ಣವೂ ಅಂಟೂ ಬಿಡುತ್ತದೆ ಎಂದು ವಿಡಿಯೊ ಒಂದರಲ್ಲಿ ಹೇಳಿದ್ದಾರೆ. ಹಾಗೆ ಮಾಡಬಹುದೇ? (ಉಡುಪಿಯ ಓದುಗರು)

ಉತ್ತರ: ಖಂಡಿತ ಮಾಡಬಾರದು. ಬಣ್ಣದಂಗಡಿಯ ಥಿನ್ನರ್‌ನಲ್ಲಿರುವ ಟೊಲ್ಯೂಯೀನ್, ಅಸಿಟೋನ್‌ಗಳು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ. ಮತ್ತೆ ಸಿಗದ ಕಿಟ್‌ಗಳನ್ನು ಹೀಗೆ ಹಾಳುಮಾಡಿಕೊಂಡು ಪರಿಹಾರ ಕೇಳುವವರಿಗೆ ಹೇಳಲು ನನ್ನಲ್ಲಿ ಏನೂ ಇರುವುದಿಲ್ಲ. ಇಂಥ ಸಲಹೆ ಕೊಡುವವರು ತಮ್ಮ ಕಿಟ್ಟನ್ನು ಮೊದಲು ನೆನೆಸಿ ತೋರಿಸಲಿ. ಬಣ್ಣ ತೆಗೆಯಲು ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಅದನ್ನೂ ಒಳಗೋಡೆಯ ಮೂಲೆಯಲ್ಲಿ ಪರೀಕ್ಷಿಸಿದ ಮೇಲೆಯೇ ಬಳಸಬೇಕು, ಕಿಟಕಿ ತೆರೆದಿಟ್ಟು, ಬೆಂಕಿಯಿಂದ ದೂರದಲ್ಲಿ. ಕುದಿನೀರಿನ ಉಪಾಯವೂ ಬೇಡ, ಏಕೆಂದರೆ ಪಾಲಿಸ್ಟೈರೀನ್ 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಫ್ರೀಜರ್‌ನಲ್ಲಿ ಒಂದು ರಾತ್ರಿ ಇಟ್ಟರೆ ಸೂಪರ್ ಗ್ಲೂ ಹಾಕಿದ ಬೆಸುಗೆ ಪೆಡಸಾಗಿ ಬಿಡಬಹುದು. ಆದರೆ ಕಿಟ್‌ನ ದ್ರಾವಕ ಅಂಟು ಎರಡು ಭಾಗಗಳನ್ನು ಕರಗಿಸಿ ಒಂದಾಗಿಸಿರುವಲ್ಲಿ ಕೈಬಲ ಪ್ರಯೋಗಿಸದೆ, ಸಣ್ಣ ಹಲ್ಲಿನ ಗರಗಸದಿಂದ ಮೂಲೆಯ ಗೆರೆಯಲ್ಲೇ ಕೊಯ್ಯಬೇಕು.

ಆದರೆ ಗರಗಸಕ್ಕಿಂತ ಮೊದಲು ಕೈಗೆ ಬರಬೇಕಾದದ್ದು ಸ್ಕೇಲುಪಟ್ಟಿ. ಎಚ್‌ಒ ಎಂದರೆ 1:87, ಅಂದರೆ ನಿಜ ಗಾತ್ರದ 87ರಲ್ಲಿ ಒಂದು ಪಾಲು. ಹಾಗಾಗಿ 2.1 ಮೀಟರ್ ಎತ್ತರದ ಬಾಗಿಲು 24 ಮಿ.ಮೀ. ಇರಬೇಕು. ಡಬ್ಬಿಯ ಮೇಲೆ ಎಚ್‌ಒ ಎಂದು ಬರೆದಿದ್ದರೂ ಹಳೆಯ ಕಿಟ್‌ಗಳಲ್ಲಿ ಹಲವು ಅದಕ್ಕಿಂತ ಚಿಕ್ಕವು. ನಿಮ್ಮದರ ಬಾಗಿಲು 20 ಮಿ.ಮೀ. ಮಾತ್ರ ಇದ್ದರೆ ಆ ಕಟ್ಟಡವನ್ನು ಹಳಿಯ ಪಕ್ಕದಲ್ಲಿ ನಿಲ್ಲಿಸದೆ ಹಿನ್ನೆಲೆಗೆ ಸರಿಸುವುದೇ ಸರಿ.

ಅಳತೆ ಸರಿಯಿದ್ದರೆ ಮುಖ್ಯ ಕೆಲಸ ಮಾಡಿನದು. ಗೋಡೆಗೆ ಕೆಂಪು ಬಳಿದು, ಮಾಡನ್ನು ಹಾಗೆಯೇ ಉಳಿಸಿ, ಇದು ಮೂಲ್ಕಿ, ಇದು ಬಾರ್ಕೂರು ಎಂದು ಫಲಕ ಅಂಟಿಸಿದ ಮಾದರಿಗಳ ಚಿತ್ರಗಳು ನನಗೆ ಮೇಲಿಂದ ಮೇಲೆ ಬರುತ್ತವೆ. ಬಾಸೆಲ್ ಮಿಷನ್ 1865ರಲ್ಲೇ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಿತ್ತು. ಆ ಹಂಚಿನಡಿ ಬೆಳೆದವರು ಮಾಡಿನ ಇಳಿಜಾರನ್ನೇ ಗಮನಿಸದಿರುವುದು ನನಗೆ ನಿಜಕ್ಕೂ ನೋವು ತರುತ್ತದೆ. ಜರ್ಮನ್ ಕಿಟ್‌ಗಳ ಮಾಡು ಹೆಚ್ಚಾಗಿ 45 ಡಿಗ್ರಿ ಅಥವಾ ಅದಕ್ಕೂ ಕಡಿದು. ನಮ್ಮ ಹಂಚಿನ ಮಾಡಿಗೆ 30 ಡಿಗ್ರಿ ಒಪ್ಪುತ್ತದೆ. ಕಟ್ಟಡದ ಅಗಲ 80 ಮಿ.ಮೀ. ಇದ್ದರೆ ತ್ರಿಕೋನ ಗೋಡೆಯ ಎತ್ತರವನ್ನು 40 ಮಿ.ಮೀ.ನಿಂದ 23ಕ್ಕೆ ಇಳಿಸಬೇಕು. ಹಳೆಯ ಪ್ಲಾಸ್ಟಿಕ್ ಪೆಡಸಾಗಿರುವುದರಿಂದ ಒಂದೇ ಬಾರಿಗೆ ಆಳವಾಗಿ ಕೊಯ್ಯದೆ, ಉಕ್ಕಿನ ಪಟ್ಟಿಯನ್ನು ಒತ್ತಿಹಿಡಿದು ಹಗುರವಾಗಿ ಹಲವು ಬಾರಿ ಗೀರಿ ಮುರಿಯಿರಿ. ಕಿಟ್‌ನ ಮಾಡನ್ನು ಎತ್ತಿಟ್ಟು, 1 ಮಿ.ಮೀ. ದಪ್ಪದ ಪಾಲಿಸ್ಟೈರೀನ್ ಹಾಳೆಯಲ್ಲಿ ಹೊಸದನ್ನು ಕತ್ತರಿಸಿ. ಸೂರು ಗೋಡೆಯಿಂದ 7ರಿಂದ 10 ಮಿ.ಮೀ. ಹೊರಚಾಚಲಿ. ಅಷ್ಟಿಲ್ಲದಿದ್ದರೆ ನಮ್ಮ ಆಷಾಢದ ಮಳೆ ನೇರವಾಗಿ ಗೋಡೆಗೇ ಹೊಡೆಯುತ್ತದೆ. ಪ್ಲಾಟ್‌ಫಾರ್ಮಿನ ಬದಿಗೆ ಕಂಬಗಳ ಮೇಲೆ ಇಳಿಮಾಡಿನ ಜಗಲಿಯನ್ನೂ ಸೇರಿಸಿ. ಹಂಚಿನ ಸಾಲುಗಳು ಸುಮಾರು 3.7 ಮಿ.ಮೀ. ಅಂತರದಲ್ಲಿರಬೇಕು, ಮಾರುಕಟ್ಟೆಯ ಅಚ್ಚುಹಾಳೆ ಇದಕ್ಕೆ ಹೊಂದದಿದ್ದರೆ ತೆಳು ರಟ್ಟಿನ ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಹೊದಿಸುತ್ತಾ ಹೋಗಿ. ಬಣ್ಣ ಕಿತ್ತಳೆಯಾಗದಿರಲಿ: ಹತ್ತು ಮಳೆಗಾಲ ಕಂಡ ಹಂಚು ಪಾಚಿಯಿಂದ ಕಪ್ಪಾಗಿರುತ್ತದೆ, ನಡುವೆ ಬದಲಿಸಿದ ನಾಲ್ಕಾರು ಹಂಚುಗಳು ಮಾತ್ರ ಕೆಂಪಾಗಿ ಎದ್ದು ಕಾಣುತ್ತವೆ.

ಕಿಟ್‌ನ ಗೋಡೆಯಲ್ಲಿ ಇಟ್ಟಿಗೆಯ ಗೆರೆಗಳಿದ್ದರೆ ಅವುಗಳನ್ನು ಮುರಕಲ್ಲು (ಜಂಬಿಟ್ಟಿಗೆ) ಎಂದು ಕರೆಯಬೇಡಿ. ಮುರಕಲ್ಲಿನ ಒಂದು ಸಾಲು ಈ ಅಳತೆಯಲ್ಲಿ ಸುಮಾರು 2 ಮಿ.ಮೀ. ಎತ್ತರವಿರುತ್ತದೆ, ಇಟ್ಟಿಗೆಯದು 1 ಮಿ.ಮೀ.ಗೂ ಕಡಿಮೆ. ಗೋಡೆಗೆ 0.5 ಮಿ.ಮೀ. ಹಾಳೆ ಹೊದಿಸಿ ಹೊಸದಾಗಿ ಗೆರೆ ಕೊರೆಯಿರಿ, ಇಲ್ಲವೇ ಗಾರೆ ಮಾಡಿ ಸುಣ್ಣ ಬಳಿದ ಗೋಡೆಯಾಗಿಸಿ, ಎರಡನೆಯದೇ ಸುಲಭ. ಕಿಟ್‌ನ ಬಾಗಿಲು, ಕಿಟಕಿಗಳ ಚೌಕಟ್ಟುಗಳನ್ನು ಮಾತ್ರ ಜೋಪಾನವಾಗಿ ಉಳಿಸಿಕೊಳ್ಳಿ, ಅಷ್ಟು ಸೂಕ್ಷ್ಮವಾದವನ್ನು ಕೈಯಿಂದ ಮಾಡುವುದು ಬಹಳ ಕಷ್ಟ.

ಪ್ರಶ್ನೆ: 16.5 ಮಿ.ಮೀ. ಅಂತರದ ಎಚ್‌ಒ ಹಳಿ ನಮ್ಮ ಬ್ರಾಡ್‌ಗೇಜ್‌ಗೆ ಸರಿಯಲ್ಲವೇ? (ಸುರತ್ಕಲ್)

ಉತ್ತರ: ಅಲ್ಲ; ಅದು 1435 ಮಿ.ಮೀ. ಹಳಿಯ ಮಾದರಿ, ನಮ್ಮ 1676 ಮಿ.ಮೀ. ಹಳಿಗೆ ಎಚ್‌ಒನಲ್ಲಿ 19.3 ಮಿ.ಮೀ. ಬೇಕು.

ಪ್ರಶ್ನೆ: ಹಳದಿಗಟ್ಟಿದ ಪ್ಲಾಸ್ಟಿಕ್ಕನ್ನು ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬಿಳುಪು ಮಾಡಲೇ? (ಕಾಪು)

ಉತ್ತರ: ಹೇಗಿದ್ದರೂ ಬಣ್ಣ ಬಳಿಯುವ ಗೋಡೆಗೆ ಆ ಶ್ರಮ ವ್ಯರ್ಥ.

ಪ್ರಶ್ನೆ: ಮ್ಯಾಟ್ ವಾರ್ನಿಷ್ ಸ್ಪ್ರೇ ಮಾಡಿದಾಗ ಬಿಳಿ ಪೊರೆ ಕಟ್ಟುತ್ತದೆ, ಯಾವ ಬ್ರ್ಯಾಂಡ್ ಒಳ್ಳೆಯದು? (ಮಂಗಳೂರು)

ಉತ್ತರ: ಬ್ರ್ಯಾಂಡ್ ಬದಲಿಸಿ ಪ್ರಯೋಜನವಿಲ್ಲ; ಗಾಳಿಯ ತೇವ ಒಣಗುತ್ತಿರುವ ವಾರ್ನಿಷ್‌ ಮೇಲೆ ಕೂರುವುದರಿಂದ ಹಾಗಾಗುತ್ತದೆ, ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಬ್ಬಿಯನ್ನು ಮುಟ್ಟಬೇಡಿ.